ಬೆಕ್ಕು ಮೈ ನೆಕ್ಕೋದರಲ್ಲಿ ಏನೋ ವ್ಯತ್ಯಾಸ ಕಂಡರೆ: ಎಲ್ಲಿಂದ ಹುಡುಕಬೇಕು?

ನಮ್ಮ ಮನೆಯ ಕೆಂಚನಿಗೆ ಒಂಬತ್ತು ವರ್ಷ. ಹೋದ ಮಳೆಗಾಲದಲ್ಲಿ ಅವನ ಸೊಂಟದ ಮೇಲಿನ ಕೂದಲು ತೆಂಗಿನ ನಾರಿನ ಹಾಗೆ ಒರಟಾಯಿತು. ಬಾಲದ ಬುಡದಲ್ಲಿ ಹೊಟ್ಟು ಬೇರೆ. "ವಯಸ್ಸಾಯ್ತಲ್ಲ, ಸೋಮಾರಿ ಆಗಿದಾನೆ" ಅಂದರು ಅಮ್ಮ. ನಾನೂ ಒಪ್ಪಿಕೊಂಡೆ. ಬಾಚಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿದೆ, ತೆಂಗಿನೆಣ್ಣೆ ಕೂಡ ಸವರಿದೆ (ಅದನ್ನು ಮಾತ್ರ ನೀವು ಮಾಡಬೇಡಿ, ಧೂಳೆಲ್ಲ ಅಂಟಿಕೊಂಡು ಇನ್ನೂ ಕೆಟ್ಟದಾಗುತ್ತದೆ). ಎರಡು ತಿಂಗಳಾದ ಮೇಲೆ ಗೊತ್ತಾಯಿತು, ತೊಂದರೆ ಇದ್ದದ್ದು ಬಾಯಲ್ಲಿ. ಕೆಳದವಡೆಯ ಒಂದು ಹಲ್ಲು ಬುಡದಲ್ಲಿ ಕರಗಿ ಹೋಗಿತ್ತು. ನೆಕ್ಕಿದರೆ ನೋವು. ಹಾಗಾಗಿ ಕಷ್ಟಪಟ್ಟು ತಿರುಗಿ ನೆಕ್ಕಬೇಕಾದ ಜಾಗವನ್ನು ಮೊದಲು ಕೈಬಿಟ್ಟಿದ್ದ.

ಅವತ್ತಿನಿಂದ ಬೆಕ್ಕಿನ ಕೂದಲಲ್ಲಿ ಏನು ಕಂಡರೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಲ್ಲಿಗೆ ನಾಲಿಗೆ ಯಾಕೆ ಬರುತ್ತಿಲ್ಲ? ಅಥವಾ, ಇಲ್ಲಿಗೇ ಯಾಕೆ ಇಷ್ಟೊಂದು ಸಲ ಬರುತ್ತಿದೆ?

ಆ ನಾಲಿಗೆ ಸಾಮಾನ್ಯದ್ದಲ್ಲ. ಬೆಕ್ಕು ನಿಮ್ಮ ಕೈ ನೆಕ್ಕಿದಾಗ ಉಪ್ಪುಕಾಗದ ತಿಕ್ಕಿದ ಹಾಗೆ ಆಗುತ್ತದಲ್ವಾ? ಅದು ನಮ್ಮ ಉಗುರಿನಂಥದೇ ವಸ್ತುವಿನಿಂದ ಆದ ಸಣ್ಣ ಸಣ್ಣ ಮುಳ್ಳು, ಎಲ್ಲವೂ ಗಂಟಲಿನ ಕಡೆಗೆ ಬಾಗಿರುತ್ತವೆ. 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು ತೋರಿಸಿಕೊಟ್ಟ ಪ್ರಕಾರ ಈ ಮುಳ್ಳುಗಳ ತುದಿ ಪುಟ್ಟ ಚಮಚದ ಹಾಗೆ ಟೊಳ್ಳು. ಜೊಲ್ಲನ್ನು ತುಂಬಿಕೊಂಡು ಚರ್ಮದ ತನಕ ಒಯ್ಯುತ್ತವೆ. ಅಂದರೆ ಬಾಚಣಿಗೆ, ಸೋಪು, ಸೆಖೆಗೆ ತಂಪು, ಮೂರೂ ಒಂದರಲ್ಲೇ. ಪರ್ಷಿಯನ್ ಬೆಕ್ಕಿನ ಕೂದಲು ಮಾತ್ರ ಎಷ್ಟು ದಟ್ಟ ಅಂದರೆ ಮುಳ್ಳು ಬುಡ ಮುಟ್ಟುವುದೇ ಇಲ್ಲ. ಅದಕ್ಕೇ ಅವುಗಳಿಗೆ ದಿನಾ ನಾವೇ ಬಾಚಬೇಕು.

ಇವು ಕಂಡರೆ ಮುಂದೆ ಓದಬೇಡಿ, ಹೊರಡಿ

- ಗಂಡು ಬೆಕ್ಕು ಪದೇ ಪದೇ ಉಚ್ಚೆಗೆ ಕೂರುತ್ತದೆ, ತಿಣುಕುತ್ತದೆ, ಬರುವುದು ಒಂದೆರಡು ಹನಿ ಅಥವಾ ಅದೂ ಇಲ್ಲ. ಹಿಂಭಾಗವನ್ನು ನೆಕ್ಕುತ್ತಲೇ ಇರುತ್ತದೆ. ಸುಮಾರು ಜನ ಇದನ್ನು ಮಲಬದ್ಧತೆ ಅಂದುಕೊಂಡು ಹಾಲು ಕೊಟ್ಟು ಕಾಯುತ್ತಾರೆ. ಮೂತ್ರನಾಳ ಕಟ್ಟಿದ್ದರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು.
- ಬಾಯಿ ತೆರೆದು ಏದುಸಿರು ಬಿಡುತ್ತಿದೆ. ನಾಯಿಗೆ ಅದು ಮಾಮೂಲು, ಬೆಕ್ಕಿಗಲ್ಲ.
- ಇದ್ದಕ್ಕಿದ್ದ ಹಾಗೆ ಹಿಂಗಾಲು ಎಳೆಯುತ್ತಿದೆ, ಕಿರುಚುತ್ತಿದೆ, ಪಾದ ಮುಟ್ಟಿದರೆ ತಣ್ಣಗಿದೆ.
- ಯಾವುದೋ ಚಿಗಟದ ಔಷಧಿ ಹಾಕಿದ ಮೇಲೆ ಮೈ ನಡುಗುತ್ತಿದೆ, ಅದುರುತ್ತಿದೆ.
- ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದೆ. ಹೂವಿನ ದಾರ, ಗಾಳಿಪಟದ ದಾರ ಯಾವುದಾದರೂ ಸರಿ, ಎಳೆಯಬೇಡಿ. ಇನ್ನೊಂದು ತುದಿ ಕರುಳಲ್ಲಿ ಸಿಕ್ಕಿಕೊಂಡಿದ್ದರೆ ಗರಗಸದ ಹಾಗೆ ಕೊಯ್ಯುತ್ತದೆ.

ಪೂರ್ತಿ ಒಂದು ದಿನ ಏನೂ ತಿನ್ನದಿದ್ದರೂ ಡಾಕ್ಟರಿಗೆ ಫೋನ್ ಮಾಡಿ. ಅದರಲ್ಲೂ ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸ ಇದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ಮೊದಲು ಐದು ನಿಮಿಷ, ಖರ್ಚಿಲ್ಲದ ತಪಾಸಣೆ

ಬೇಕಾದದ್ದು: ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆ, ಬಿಳಿ ಟಿಶ್ಯೂ ಕಾಗದ, ಮೊಬೈಲ್ ಟಾರ್ಚು, ತೂಕದ ಯಂತ್ರ. ಊಟ ಆಗಿ ನಿದ್ದೆಗಣ್ಣಲ್ಲಿ ಇರುವಾಗ ತೊಡೆ ಮೇಲೆ ಕೂರಿಸಿಕೊಳ್ಳಿ. ಮೂತಿ ನಿಮ್ಮ ಕಡೆಗೆ ಬೇಡ, ಆಚೆಗಿರಲಿ. ಬಾಲ ಪಟಪಟ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಹೋದರೆ, ಬಿಟ್ಟುಬಿಡಿ. ನಾಳೆ ಮುಂದುವರಿಸಬಹುದು. ಕಚ್ಚಿಸಿಕೊಂಡರೆ, ಆಳವಾಗಿ ಪರಚಿಸಿಕೊಂಡರೆ, ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ. "ಮನೆ ಬೆಕ್ಕು ತಾನೇ" ಅನ್ನುವ ಉದಾಸೀನ ಬೇಡ.

ತೂಕಕ್ಕೆ ಸುಲಭದ ದಾರಿ: ಬೆಕ್ಕನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಲ್ಲಿ, ಆಮೇಲೆ ನಿಮ್ಮ ತೂಕ ಕಳೆಯಿರಿ. ತಿಂಗಳಿಗೊಮ್ಮೆ ಕ್ಯಾಲೆಂಡರ್ ಮೇಲೆ ಬರೆದಿಡಿ. 4 ಕೆಜಿ ಬೆಕ್ಕು 400 ಗ್ರಾಂ ಇಳಿಯಿತು ಅಂದರೆ 60 ಕೆಜಿ ಮನುಷ್ಯ 6 ಕೆಜಿ ಇಳಿದ ಹಾಗೆ.

ಸೊಂಟ, ಬಾಲದ ಬುಡದಲ್ಲಿ ಜಿಡ್ಡು, ಹೊಟ್ಟು, ಒರಟು ಕೂದಲು

ತಲೆ, ಎದೆ, ಮುಂಗಾಲು ಹೊಳೆಯುತ್ತಿವೆ, ಸೊಂಟದಿಂದ ಹಿಂದಕ್ಕೆ ಮಾತ್ರ ಗಲೀಜು. ಇದು ನಾಲಿಗೆ ತಲುಪುತ್ತಿಲ್ಲ ಅನ್ನುವ ಗುರುತು. ಬೆಕ್ಕಿನ ಬೆನ್ನೆಲುಬು ತುಂಬಾ ಬಳುಕುತ್ತದೆ, ಆರೋಗ್ಯವಾಗಿದ್ದರೆ ಬಾಲದ ಬುಡಕ್ಕೆ ಮೂತಿ ಆರಾಮಾಗಿ ಮುಟ್ಟುತ್ತದೆ.

ಮೊದಲು ಪಕ್ಕೆಲುಬು ಸವರಿ ನೋಡಿ. ಬೆರಳಿಗೆ ಎಲುಬೇ ಸಿಗದಷ್ಟು ಕೊಬ್ಬಿದ್ದರೆ ಹೊಟ್ಟೆಯೇ ಅಡ್ಡ ಬರುತ್ತಿದೆ. ಡಬ್ಬಿ ತುಂಬಾ ಒಣ ಆಹಾರ ಇಟ್ಟು ಹೋಗುವುದನ್ನು ನಿಲ್ಲಿಸಿ, ಅಳೆದು ಕೊಡಿ. ಆದರೆ ಒಮ್ಮೆಲೇ ಪಥ್ಯ ಬೇಡ, ಲಿವರ್ ವಿಷಯ ಮೇಲೆ ಹೇಳಿದೆನಲ್ಲ.

ದಪ್ಪ ಇಲ್ಲ, ವಯಸ್ಸು ಹತ್ತರ ಹತ್ತಿರ. ಹಾಗಾದರೆ ನೆಗೆಯುವುದನ್ನು ನೋಡಿ. ಮೊದಲು ಒಂದೇ ಸಲಕ್ಕೆ ಕಿಟಕಿಗೆ ಹಾರುತ್ತಿದ್ದದ್ದು ಈಗ ಕುರ್ಚಿ ಹತ್ತಿ, ಮೇಜು ಹತ್ತಿ, ಆಮೇಲೆ ಕಿಟಕಿಗೆ ಹೋಗುತ್ತಿದೆಯೇ? ಕೀಲು ನೋವಿರಬಹುದು. ಕೀಲು ನೋವಿಗೆ ಬೆಕ್ಕು ಸಾಮಾನ್ಯವಾಗಿ ಕುಂಟುವುದಿಲ್ಲ, ನರಳುವುದಿಲ್ಲ. ದಾರಿ ಬದಲಿಸುತ್ತದೆ ಅಷ್ಟೇ. ಇದಕ್ಕೆ ಮನೆಯಲ್ಲಿರುವ ನೋವಿನ ಮಾತ್ರೆ ಯಾವ ಕಾರಣಕ್ಕೂ ಕೊಡಬೇಡಿ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ.

ಎರಡೂ ಅಲ್ಲದಿದ್ದರೆ ಬಾಯಿ. ಕೆಳಗೆ ಬೇರೆ ಬರೆದಿದ್ದೇನೆ. ಜೊತೆಗೆ ನೀರು ಜಾಸ್ತಿ ಕುಡಿಯುತ್ತಿದೆ, ತೂಕ ಇಳಿಯುತ್ತಿದೆ ಅಂದರೆ ಕಿಡ್ನಿ, ಥೈರಾಯ್ಡ್, ಸಕ್ಕರೆ ಕಾಯಿಲೆ ಇವುಗಳಿಗೆ ರಕ್ತ ಪರೀಕ್ಷೆ ಮಾಡಿಸಬೇಕು. ಅದು ಬಾಚಣಿಗೆಯ ಕೆಲಸ ಅಲ್ಲ.

ಗಂಡು ಬೆಕ್ಕಿನ ಬಾಲದ ಬುಡದ ಮೇಲ್ಭಾಗದಲ್ಲಿ ಮಾತ್ರ ಎಣ್ಣೆ ಸುರಿದ ಹಾಗೆ ಜಿಡ್ಡಿದ್ದರೆ ಅಲ್ಲಿರುವ ಗ್ರಂಥಿಗಳ ಕೆಲಸ. ಬೀಜ ತೆಗೆಸದ ಗಂಡುಗಳಲ್ಲಿ ಜಾಸ್ತಿ.

ಸಿಕ್ಕು, ಜಡೆಗಟ್ಟಿದ ಗಂಟು

ಕಿವಿಯ ಹಿಂದೆ, ಕಂಕುಳು, ಹೊಟ್ಟೆ, ತೊಡೆಯ ಹಿಂಭಾಗ, ಈ ನಾಲ್ಕು ಕಡೆ ಹುಡುಕಿ. ಉಜ್ಜುವ ಜಾಗಗಳು ಇವೇ.

ಮೊದಲ ಮಾತು, ಕತ್ತರಿ ಮುಟ್ಟಬೇಡಿ. ಬೆಕ್ಕಿನ ಚರ್ಮ ತೆಳು, ಮೈಗೆ ಬಿಗಿಯಾಗಿ ಅಂಟಿರುವುದಿಲ್ಲ. ಗಂಟನ್ನು ಎತ್ತಿ ಹಿಡಿದರೆ ಚರ್ಮವೂ ಗುಡಾರದ ಹಾಗೆ ಮೇಲೆ ಬರುತ್ತದೆ. ನಿಮಗೆ ಕಾಣುವುದು ಕೂದಲು, ಕತ್ತರಿಗೆ ಸಿಗುವುದು ಚರ್ಮ. ನಮ್ಮ ಪಕ್ಕದ ಮನೆಯಲ್ಲಿ ಹೀಗೇ ಆಗಿ ನಾಲ್ಕು ಹೊಲಿಗೆ ಬಿತ್ತು. ಬೆಕ್ಕು ಒಂದು ಸದ್ದೂ ಮಾಡಿರಲಿಲ್ಲವಂತೆ. ಎರಡನೆಯದು, ಸಿಕ್ಕು ಇರುವಾಗ ಸ್ನಾನ ಮಾಡಿಸಬೇಡಿ. ನೀರು ಬಿದ್ದರೆ ಗಂಟು ಬಿಗಿಯುತ್ತದೆ.

ಹೀಗೆ ಮಾಡಿ. ಚಿಟಿಕೆ ಕಾರ್ನ್‌ಫ್ಲೋರ್ ಗಂಟಿನೊಳಗೆ ಉಜ್ಜಿ. ಎಡಗೈಯ ಎರಡು ಬೆರಳಲ್ಲಿ ಗಂಟಿನ ಬುಡವನ್ನು, ಅಂದರೆ ಚರ್ಮಕ್ಕೂ ಗಂಟಿಗೂ ನಡುವಿನ ಕೂದಲನ್ನು ಗಟ್ಟಿಯಾಗಿ ಹಿಡಿಯಿರಿ. ಎಳೆತ ಚರ್ಮಕ್ಕೆ ಹೋಗಬಾರದು. ಈಗ ಬಲಗೈ ಬೆರಳಿನಿಂದ ತುದಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ. ಆಮೇಲೆ ಅಗಲ ಹಲ್ಲಿನ ಸ್ಟೀಲ್ ಬಾಚಣಿಗೆ, ಅದೂ ತುದಿಯಿಂದಲೇ. ಅಜ್ಜಿ ಮೊಮ್ಮಗಳ ಜಡೆ ಬಿಡಿಸುವ ರೀತಿ, ಅಷ್ಟೇ ತಾಳ್ಮೆ. ಒಂದು ಸಲಕ್ಕೆ ಒಂದು ಗಂಟು ಸಾಕು.

ಬೆರಳು ತೂರದಷ್ಟು ಚಪ್ಪಟೆಯಾಗಿ, ಚಾಪೆಯ ಹಾಗೆ ಚರ್ಮಕ್ಕೆ ಅಂಟಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅದರ ಕೆಳಗೆ ಹುಣ್ಣು, ಕೆಲವೊಮ್ಮೆ ಹುಳವೂ ಇರುತ್ತದೆ. ಡಾಕ್ಟರು ಮಂಪರು ಕೊಟ್ಟು ಮಷಿನ್‌ನಲ್ಲಿ ಬೋಳಿಸುತ್ತಾರೆ. ಗಿಡ್ಡ ಕೂದಲಿನ ನಾಟಿ ಬೆಕ್ಕಿಗೆ ಗಂಟು ಬಂದರೆ ಅದು ತಾನೇ ಒಂದು ರೋಗಲಕ್ಷಣ. ಅದಕ್ಕೆ ಗಂಟು ಬರಬಾರದು.

ಕೆರೆತ, ಬಾಲದ ಬುಡದಲ್ಲಿ ಸಣ್ಣ ಹಕ್ಕಳೆ

ಸಣ್ಣ ಬಾಚಣಿಗೆಯಲ್ಲಿ ಸೊಂಟ ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಟಿಶ್ಯೂ ಮೇಲೆ ಉದುರಿಸಿ ಒಂದು ನಿಮಿಷ ಬಿಡಿ. ಸುತ್ತ ಕೆಂಪು ಕಂದು ಕಲೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಕಪ್ಪಾಗಿಯೇ ಉಳಿದರೆ ಮಣ್ಣು. ಚಿಗಟ ಕಾಣಲಿಲ್ಲ ಅಂತ ಇಲ್ಲ ಅನ್ನುವ ಹಾಗಿಲ್ಲ, ಬೆಕ್ಕು ಅವನ್ನು ನೆಕ್ಕಿ ನುಂಗಿಬಿಟ್ಟಿರುತ್ತದೆ. ಹಾಗೆ ನುಂಗಿದ್ದರಿಂದಲೇ ಲಾಡಿಹುಳು ಬರುತ್ತದೆ. ಹಿಂಭಾಗದಲ್ಲಿ ಅಕ್ಕಿಕಾಳಿನಂಥ ಚೂರು ಅಂಟಿದ್ದರೆ ಅದೇ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಅಂಗಡಿಯಲ್ಲಿ "ನಾಯಿ ಬೆಕ್ಕು ಎರಡಕ್ಕೂ ನಡೆಯುತ್ತೆ" ಎಂದು ಕೊಟ್ಟ ಕತ್ತಿಗೆ ಹಾಕುವ ಹನಿಯನ್ನು ಹಾಕಲು ಹೊರಟಿದ್ದೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಪರ್ಮೆಥ್ರಿನ್ ಅಂತಿತ್ತು. ಅದು ನಾಯಿಗೆ ಔಷಧಿ, ಬೆಕ್ಕಿಗೆ ವಿಷ. ಅಮಿಟ್ರಾಜ್ ಕೂಡ ಬೇಡ. ಸೀಮೆಎಣ್ಣೆ, ಬೇವಿನೆಣ್ಣೆ, ಟೀ ಟ್ರೀ ಎಣ್ಣೆ, ಕರ್ಪೂರ, ಇವನ್ನೂ ದೂರ ಇಡಿ. ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಹತ್ತು ನಿಮಿಷದಲ್ಲಿ ಅದರ ಹೊಟ್ಟೆಗೆ ಹೋಗುತ್ತದೆ, ಇದೊಂದು ನೆನಪಿರಲಿ. ಬೆಕ್ಕಿಗೇ ಅಂತ ಬರೆದಿರುವ ಔಷಧಿಯನ್ನು ತೂಕ ನೋಡಿ, ಡಾಕ್ಟರನ್ನು ಕೇಳಿ ಹಾಕಿ.

ಮೈಮೇಲಿನ ಚಿಗಟ ಒಟ್ಟು ಸಂಖ್ಯೆಯಲ್ಲಿ ಸ್ವಲ್ಪ ಪಾಲು ಮಾತ್ರ. ಮೊಟ್ಟೆ, ಮರಿ, ಗೂಡು ಎಲ್ಲ ಚಾಪೆ, ಸೋಫಾ ಸಂದಿಯಲ್ಲಿವೆ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮನೆಯ ಎಲ್ಲ ಪ್ರಾಣಿಗಳಿಗೂ ಒಟ್ಟಿಗೆ ಔಷಧಿ, ಕನಿಷ್ಠ ಮೂರು ತಿಂಗಳು. ಮರಿಗಳ ವಸಡು ಬಿಳಿಚಿಕೊಂಡಿದ್ದರೆ ಚಿಗಟ ರಕ್ತ ಹೀರಿ ಹೀರಿ ಪ್ರಾಣಕ್ಕೇ ಬಂದಿದೆ, ತಡಮಾಡಬೇಡಿ.

ಕೂದಲು ಹೋಗಿ ಬೋಳಾಗಿದೆ

ಬೋಳಾದ ಜಾಗದ ಅಂಚಿನಲ್ಲಿ ಬೆರಳನ್ನು ಕೂದಲಿನ ಎದುರು ದಿಕ್ಕಿಗೆ ಸವರಿ. ಎರಡು ದಿನದ ಗಡ್ಡದ ಹಾಗೆ ಚುಚ್ಚಿದರೆ ಕೂದಲು ತಾನಾಗಿ ಉದುರಿಲ್ಲ, ಬೆಕ್ಕೇ ನೆಕ್ಕಿ ಕತ್ತರಿಸಿದೆ. ನಯವಾಗಿದ್ದರೆ ಬುಡದಿಂದ ಉದುರಿದೆ.

ಹೊಟ್ಟೆ, ಒಳತೊಡೆ ಚುಚ್ಚುವ ಬೋಳಾದರೆ ಮೊದಲು ಚಿಗಟ, ಆಮೇಲೆ ಅಲರ್ಜಿ. ಒಳಗಿನ ನೋವನ್ನೂ ಮರೆಯಬೇಡಿ. ಮೂತ್ರಕೋಶ ಉರಿಯುವ ಬೆಕ್ಕು ಅದರ ಮೇಲಿನ ಚರ್ಮವನ್ನೇ ನೆಕ್ಕುತ್ತಾ ಕೂರುತ್ತದೆ. ಹೊಸ ಮಗು, ಹೊಸ ಬೆಕ್ಕು, ಮನೆ ಬದಲು, ಇಂಥ ಬೇಸರಕ್ಕೂ ನೆಕ್ಕುತ್ತವೆ, ನಿಜ. ಆದರೆ "ಟೆನ್ಷನ್ ಅಷ್ಟೇ" ಅನ್ನುವುದು ಕೊನೆಯ ಉತ್ತರ ಆಗಿರಲಿ, ಮೊದಲನೆಯದಲ್ಲ.

ದುಂಡಗೆ, ಬೂದಿ ಹಚ್ಚಿದ ಹಾಗೆ ಹೊಟ್ಟು, ಅಂಚಿನಲ್ಲಿ ಮುರಿದ ಕೂದಲು, ಮುಖ ಕಿವಿ ಮುಂಗಾಲಿನಲ್ಲಿ ಜಾಸ್ತಿ: ಹುಳುಕಡ್ಡಿ. ಹೆಸರಲ್ಲಿ ಹುಳು ಇದ್ದರೂ ಇದು ಶಿಲೀಂಧ್ರ, ಅಂದರೆ ಫಂಗಸ್. ನಮಗೂ ಹತ್ತುತ್ತದೆ. ಮನೆಯಲ್ಲಿ ಯಾರ ಕೈಮೇಲಾದರೂ ದುಂಡಗಿನ ತುರಿಕೆ ಎದ್ದಿದ್ದರೆ ಬಹುತೇಕ ಇದೇ. ನಮಗೆ ಹಚ್ಚುವ ಮುಲಾಮು ಬೆಕ್ಕಿಗೆ ಬೇಡ. ಅವುಗಳಲ್ಲಿ ಹಲವದರಲ್ಲಿ ಸ್ಟೆರಾಯ್ಡ್ ಇರುತ್ತದೆ, ತುರಿಕೆ ನಿಂತ ಹಾಗಾಗಿ ಫಂಗಸ್ ಒಳಗೊಳಗೇ ಹರಡುತ್ತದೆ. ಬೆಕ್ಕನ್ನು ಒಂದು ಕೋಣೆಯಲ್ಲಿಡಿ, ಮಕ್ಕಳನ್ನು ದೂರ ಇಡಿ, ಡಾಕ್ಟರಿಗೆ ತೋರಿಸಿ.

ಕಿವಿ ಕೆರೆತ, ತಲೆ ಕೊಡವುವುದು

ಟಾರ್ಚ್ ಹಾಕಿ. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಹಾಗೆ ಒಣ ಕಪ್ಪು ಪುಡಿ ಎರಡೂ ಕಿವಿಯಲ್ಲಿದ್ದರೆ ಕಿವಿ ನುಸಿ ಇರುವ ಸಾಧ್ಯತೆ ಹೆಚ್ಚು. ಹಳದಿ, ಒದ್ದೆ, ನಾತ ಇದ್ದರೆ ಸೋಂಕು. ಕಾಟನ್ ಬಡ್ಸ್ ಒಳಗೆ ಹಾಕಬೇಡಿ. ಬೆಕ್ಕಿನ ಕಿವಿ ಕೊಳವೆ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ, ನೀವು ತೆಗೆಯುವುದಕ್ಕಿಂತ ಒಳಗೆ ದೂಡುವುದೇ ಜಾಸ್ತಿ. ಕಾಣುವಷ್ಟನ್ನು ಹತ್ತಿಯಲ್ಲಿ ಒರೆಸಿದರೆ ಸಾಕು. ತಲೆ ಒಂದು ಕಡೆ ವಾಲಿದ್ದರೆ ಯಾವ ಹನಿಯೂ ಬೇಡ, ತಮಟೆ ಒಡೆದಿರಬಹುದು.

ಬಿಳಿ ಬೆಕ್ಕು ಸಾಕಿರುವವರಿಗೆ ಒಂದು ಮಾತು, ಅದರಲ್ಲೂ ಬಳ್ಳಾರಿ, ಕಲಬುರಗಿ ಕಡೆಯ ಬಿಸಿಲಿನವರಿಗೆ. ಕಿವಿಯ ತುದಿಯಲ್ಲಿ ಹಕ್ಕಳೆ ಬಂದು ವಾಸಿಯಾಗದೆ ಉಳಿದರೆ ಗಾಯ ಅಂತ ಬಿಡಬೇಡಿ. ಬಿಸಿಲಿನಿಂದ ಅಲ್ಲಿ ಕ್ಯಾನ್ಸರ್ ಬರುತ್ತದೆ. ಬೇಗ ಹಿಡಿದರೆ ತುದಿ ತೆಗೆದು ಉಳಿಸುತ್ತಾರೆ.

ನಡೆದರೆ ಟಿಕ್ ಟಿಕ್ ಸದ್ದು, ಉಗುರು ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ

ಮುಂದೆ ಐದೈದು, ಹಿಂದೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಸುಮ್ನೆ ಇದ್ದಾಗ ಒಳಗಿರುತ್ತವೆ, ಬೇಕಾದಾಗ ಹೊರಗೆ ಬರುತ್ತವೆ. ವಯಸ್ಸಾದ ಬೆಕ್ಕು ಕೆರೆಯುವುದನ್ನು ಕಡಿಮೆ ಮಾಡುತ್ತದೆ, ಹಳೆ ಪದರ ಉದುರದೆ ಉಗುರು ದಪ್ಪವಾಗಿ ಹೊರಗೇ ಉಳಿಯುತ್ತದೆ. ಮೊದಲು ನೋಡಬೇಕಾದದ್ದು ಮುಂಗಾಲಿನ ಹೆಬ್ಬೆರಳು. ಅದು ನೆಲ ಮುಟ್ಟುವುದಿಲ್ಲ, ಸವೆಯುವುದೂ ಇಲ್ಲ. ದುಂಡಗೆ ಬೆಳೆದು ಅಂಗಾಲಿಗೇ ಚುಚ್ಚಿಕೊಳ್ಳುತ್ತದೆ. ಹಾಗೆ ಚುಚ್ಚಿಕೊಂಡಿದ್ದರೆ ಡಾಕ್ಟರೇ ಕತ್ತರಿಸಲಿ.

ಮಾಮೂಲು ಉಗುರಾದರೆ ಬೆರಳನ್ನು ಮೇಲಿಂದ ಕೆಳಗಿಂದ ಮೆಲ್ಲಗೆ ಒತ್ತಿ, ಉಗುರು ಹೊರಬರುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಗುಲಾಬಿ ಬಣ್ಣ ಕಾಣುತ್ತದೆ. ಅಲ್ಲಿ ರಕ್ತ, ನರ ಇವೆ. ಅದಕ್ಕಿಂತ ಮುಂದಿನ ಗಾಜಿನಂಥ ಕೊಕ್ಕೆ ತುದಿಯನ್ನು ಮಾತ್ರ ಕತ್ತರಿಸಿ. ದಿನಕ್ಕೆ ಎರಡು ಉಗುರಾದರೂ ಸರಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಐದು ನಿಮಿಷ ಹಿಡಿಯಿರಿ. ಹೊರಗೆ ಓಡಾಡುವ ಬೆಕ್ಕಿಗೆ ನಾನು ಹೆಬ್ಬೆರಳು ಬಿಟ್ಟು ಬೇರೆ ಕತ್ತರಿಸುವುದಿಲ್ಲ. ಬೀದಿ ನಾಯಿ ಅಟ್ಟಿಸಿಕೊಂಡು ಬಂದಾಗ ಅದು ಮರ ಹತ್ತಬೇಕು.

ಬಾಯಿ ನಾತ, ಜೊಲ್ಲು, ತಿನ್ನುವಾಗ ತಲೆ ವಾಲಿಸುವುದು

ದೊಡ್ಡ ಬೆಕ್ಕಿಗೆ 30 ಹಲ್ಲು. ತುಟಿಯ ಮೂಲೆಯನ್ನು ಮೇಲೆತ್ತಿ ಹಿಂದಿನ ಹಲ್ಲು ನೋಡಿ, ಬಾಯಿ ತೆರೆಸುವುದೇನೂ ಬೇಡ. ವಸಡಿನ ಅಂಚಿನಲ್ಲಿ ಕೆಂಪು ಗೆರೆ, ಕಂದು ಗಾರೆ, ಹಲ್ಲಿನ ಬುಡದಲ್ಲಿ ಕೆಂಪು ಚುಕ್ಕೆ, ಯಾವುದು ಕಂಡರೂ ತೋರಿಸಬೇಕು. "ತಿನ್ನುತ್ತಿದೆಯಲ್ಲ" ಅನ್ನುವುದು ಲೆಕ್ಕಕ್ಕಿಲ್ಲ. ಕೆಂಚನೂ ತಿನ್ನುತ್ತಿದ್ದ, ಅಗಿಯದೆ ನುಂಗುತ್ತಿದ್ದ ಅಷ್ಟೇ. ನಮ್ಮ ಟೂತ್‌ಪೇಸ್ಟ್ ಹಚ್ಚಬೇಡಿ, ಬೆಕ್ಕು ಉಗುಳುವುದಿಲ್ಲ.

ಕೂದಲುಂಡೆಯೋ, ಕೆಮ್ಮೋ?

ಹೊಟ್ಟೆ ಕುಲುಕಿ, ಓಕರಿಸಿ, ಬತ್ತಿಯಂಥ ಕೂದಲು ಹೊರಬಂದರೆ ಕೂದಲುಂಡೆ. ಆಗೊಮ್ಮೆ ಈಗೊಮ್ಮೆ ಬಂದರೆ ಬಾಚುವುದನ್ನು ಹೆಚ್ಚಿಸಿ. ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು, ಕತ್ತು ಚಾಚಿ ಕೆಮ್ಮಿ, ಏನೂ ಬರದಿದ್ದರೆ ಅಸ್ತಮಾ ಇರಬಹುದು. ಊದುಬತ್ತಿ, ಸೊಳ್ಳೆಬತ್ತಿ ಆ ದಿನದಿಂದಲೇ ನಿಲ್ಲಿಸಿ, ವಿಡಿಯೋ ಮಾಡಿಕೊಂಡು ಹೋಗಿ. ಓಕರಿಸುತ್ತಲೇ ಇದೆ, ತಿನ್ನುತ್ತಿಲ್ಲ, ಕಕ್ಕಸೂ ಇಲ್ಲ ಅಂದರೆ ಕರುಳು ಕಟ್ಟಿರಬಹುದು. ಅವತ್ತೇ ಹೋಗಬೇಕು.

ದೋಷವೇ ಅಲ್ಲದ್ದು

ಕಣ್ಣು ಕಿವಿ ನಡುವೆ ಕೂದಲು ತೆಳು ಇರುವುದು. ಹೊಟ್ಟೆಯ ಕೆಳಗೆ ಜೋಲುವ ಚೀಲ. ಕಿವಿಯ ಹೊರ ಅಂಚಿನ ಸಣ್ಣ ಜೇಬು. ನೆಲದಲ್ಲಿ ಸಿಕ್ಕ ಉಗುರಿನ ಸಿಪ್ಪೆ. ಕೆಂಚು ಬೆಕ್ಕಿನ ತುಟಿ, ಮೂಗಿನ ಮೇಲಿನ ಚಪ್ಪಟೆ ಕಪ್ಪು ಚುಕ್ಕೆಗಳು (ಇದಕ್ಕೆ ಒಂದು ರಾತ್ರಿ ನಿದ್ದೆಗೆಟ್ಟಿದ್ದೇನೆ). ಗಲ್ಲದ ಕೆಳಗೆ ಕರಿಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ ಮಾತ್ರ ಮೊಡವೆ. ಪ್ಲಾಸ್ಟಿಕ್ ಬಟ್ಟಲು ಬಿಟ್ಟು ಸ್ಟೀಲ್ ತಟ್ಟೆ ಇಟ್ಟು ನೋಡಿ. ಮೀಸೆ ಒಂದೆರಡು ಉದುರಿದರೆ ಚಿಂತೆಯಿಲ್ಲ, ಆದರೆ ಕತ್ತರಿಸಬೇಡಿ.

ಸ್ನಾನ? ಗಿಡ್ಡ ಕೂದಲಿನ ಬೆಕ್ಕಿಗೆ ಬಹುತೇಕ ಬೇಡವೇ ಬೇಡ. ಪೇಂಟು, ಎಂಜಿನ್ ಆಯಿಲ್ ಮೆತ್ತಿದ್ದರೆ ಮಾತ್ರ, ಅದೂ ಬೆಕ್ಕಿನ ಶಾಂಪೂವಿನಲ್ಲಿ. ನೀರಿಗೆ ಆಂಟಿಸೆಪ್ಟಿಕ್ ಬೆರೆಸುವ ಅಭ್ಯಾಸ ಬಿಡಿ. ಫಿನೈಲ್ ಒರೆಸಿದ ನೆಲ ಒಣಗುವ ತನಕ ಬೆಕ್ಕನ್ನು ಬಿಡಬೇಡಿ. ಅಂಗಾಲಿಗೆ ಅಂಟಿದ್ದು ನಾಲಿಗೆಗೆ ಬರುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ

ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆಯೇ ಹೆಚ್ಚು. ಹತ್ತಿರದಲ್ಲಿ ಬೆಕ್ಕು ನೋಡುವವರು ಯಾರು ಅಂತ ಆರಾಮಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆ ಇದೆ. ಚೀಲದಲ್ಲಿ ಒಯ್ಯಬೇಡಿ, ಮುಚ್ಚಳ ಇರುವ ಬುಟ್ಟಿಯೇ ಬೇಕು. ಬೆಕ್ಕಿನ ಕೊರಳೆಲುಬು ಬೇರೆ ಎಲುಬಿಗೆ ಸೇರಿಲ್ಲ, ತಲೆ ತೂರುವ ಸಂದಿಯಲ್ಲಿ ಮೈಯೂ ನುಸುಳುತ್ತದೆ.

ತೂಕದ ಪಟ್ಟಿ, ಹಾಕಿದ ಔಷಧಿಯ ಪೊಟ್ಟಣ, ಮೊಬೈಲ್‌ನಲ್ಲಿ ವಿಡಿಯೋ ಜೊತೆಗಿರಲಿ. ಕೆಂಚನನ್ನು ಒಯ್ದಾಗ ಡಾಕ್ಟರು ಸೊಂಟ ಮುಟ್ಟಿಯೂ ನೋಡಲಿಲ್ಲ. "ಯಾವ ಕಡೆಯಿಂದ ಅಗಿಯುತ್ತಾನೆ?" ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅಮ್ಮ ಯಾವತ್ತೋ ತೆಗೆದಿದ್ದ ಹತ್ತು ಸೆಕೆಂಡಿನ ವಿಡಿಯೋ ಇತ್ತು, ಮೀನು ತಿನ್ನುವುದು. ಅದರಲ್ಲಿ ಅವನ ತಲೆ ಉದ್ದಕ್ಕೂ ಬಲಕ್ಕೆ ವಾಲಿತ್ತು. ಎರಡು ತಿಂಗಳಿಂದ ನಾವೆಲ್ಲ ಅದನ್ನು ನೋಡಿ ನಗುತ್ತಿದ್ದೆವು.